"ಮೂರು ದಿನದಿಂದ ಜ್ವರ": ಇಲ್ಲಿ ಸಿನ್ಸ್ ಬರಬೇಕಾ, ಫಾರ್ ಬರಬೇಕಾ?

ಅಡಿಕೆತೋಟ (ಬುಧವಾರ, ರಾತ್ರಿ 9.40)

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ "ಸಿನ್ಸ್" ಪದದ ಬಗ್ಗೆ ಕೇಳಬೇಕಿತ್ತು. ಮೊದಲು ಏನಾಯಿತು ಅಂತ ಹೇಳಿಬಿಡುತ್ತೇನೆ.

ನಾನು ಎಸ್ಸೆಸ್ಸೆಲ್ಸಿ ತನಕ ಓದಿದ್ದು ಕನ್ನಡ ಮೀಡಿಯಂನಲ್ಲಿ, ಶಿವಮೊಗ್ಗದ ಕಡೆ. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನಾವು ಬಳಸುವ ಟೆಸ್ಟ್ ಸರ್ವರ್ ನೋಡಿಕೊಳ್ಳುವವರು ಅಮೆರಿಕದಲ್ಲಿದ್ದಾರೆ. ಹೋದ ತಿಂಗಳು ಒಂದು ಸೋಮವಾರ ಆ ಸರ್ವರ್ ನಿಂತುಹೋಯಿತು. ಎರಡು ದಿನ ನಾವೇ ಏನೇನೋ ಮಾಡಿ ನೋಡಿದೆವು. ಬುಧವಾರ ನಾನು ಅವರಿಗೆ ಮೇಲ್ ಹಾಕಿದೆ: "ಟೆಸ್ಟ್ ಸರ್ವರ್ ಈಸ್ ಡೌನ್ ಫ್ರಮ್ ಮಂಡೇ."

ನನ್ನ ತಲೆಯಲ್ಲಿ ಇದ್ದದ್ದು "ಸೋಮವಾರದಿಂದ ನಿಂತಿದೆ" ಅಂತ. ಅವರು ಓದಿಕೊಂಡದ್ದು "ಬರುವ ಸೋಮವಾರದಿಂದ ನಿಲ್ಲಿಸುತ್ತೇವೆ" ಅಂತ. ತಿಳಿಸಿದ್ದಕ್ಕೆ ಥ್ಯಾಂಕ್ಸ್ ಎಂದು ಒಂದು ಸಾಲು ಬರೆದು ಸುಮ್ಮನಾದರು. ಶುಕ್ರವಾರ ಫೋನ್ ಮಾಡಿದಾಗಲೇ ವಿಷಯ ಗೊತ್ತಾದದ್ದು. ಇನ್ನೆರಡು ದಿನ ಹಾಳಾಯಿತು.

ಸ್ಕೂಲಿನಲ್ಲಿ ನಮಗೆ ಹೇಳಿಕೊಟ್ಟದ್ದು ಒಂದೇ ಸೂತ್ರ. ಸಂಖ್ಯೆ ಬಂದರೆ ಫಾರ್, ಇಲ್ಲದಿದ್ದರೆ ಸಿನ್ಸ್. ಹಾಗಾದರೆ 2019ರಿಂದ ಅನ್ನುವುದಕ್ಕೆ ಏನು ಹಾಕಬೇಕು? ಅದೂ ಸಂಖ್ಯೆ ತಾನೇ? ಇದರ ನಡುವೆ ಫ್ರಮ್ ಎಲ್ಲಿ ಬರುತ್ತದೆ? ದಯವಿಟ್ಟು ಬಲ್ಲವರು ಬಿಡಿಸಿ ಹೇಳಿ. ಸುಮ್ನೆ ಉರು ಹೊಡೆಯುವ ಸೂತ್ರ ಬೇಡ. ಯಾಕೆ ಹಾಗೆ ಅಂತ ತಿಳಿಯಬೇಕು.

ಹಾಸನದ ಮೇಷ್ಟ್ರು (ಬುಧವಾರ, ರಾತ್ರಿ 10.25)

ತಮ್ಮಾ, ಒಳ್ಳೆಯ ಪ್ರಶ್ನೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಸಂಖ್ಯೆಯ ಸೂತ್ರ ನಾನೂ ಮೊದಮೊದಲು ಹೇಳಿಕೊಟ್ಟಿದ್ದೇನೆ. ಅದು ತಪ್ಪು. 2019ಕ್ಕೂ ಸಂಖ್ಯೆ ಇದೆ, ಸಂಜೆ ಐದು ಗಂಟೆಗೂ ಸಂಖ್ಯೆ ಇದೆ. ಎರಡಕ್ಕೂ ಸಿನ್ಸ್ ಬರಬೇಕು.

ಈ ತಪ್ಪು ದಡ್ಡತನದಿಂದ ಬರುವುದಲ್ಲ, ಕನ್ನಡದಿಂದ ಬರುವುದು. ನಮ್ಮ "ಇಂದ" ಎಷ್ಟು ಕೆಲಸ ಮಾಡುತ್ತದೆ ನೋಡಿ. ಚಾಕುವಿನಿಂದ ಕತ್ತರಿಸಿದೆ. ಊರಿನಿಂದ ಬಂದೆ. ಮಳೆಯಿಂದ ಬೆಳೆ ಹಾಳಾಯಿತು. ನಾಳೆಯಿಂದ ರಜೆ. ನಿನ್ನೆಯಿಂದ ಜ್ವರ. ಮೂರು ದಿನದಿಂದ ಜ್ವರ. ಈ ಆರೂ ಕಡೆ ನಮಗೆ ಒಂದೇ ಪ್ರತ್ಯಯ ಸಾಕು. ಇಂಗ್ಲಿಷಿನವರು ಇದನ್ನೆಲ್ಲ ಬೇರೆ ಬೇರೆ ಪದಗಳಿಗೆ ಹಂಚಿಬಿಟ್ಟಿದ್ದಾರೆ. ಕೊನೆಯ ಮೂರು ಮಾತ್ರ ಈಗ ನಮಗೆ ಬೇಕು. ನಾಳೆಯಿಂದ ಅಂದರೆ ಫ್ರಮ್. ನಿನ್ನೆಯಿಂದ ಅಂದರೆ ಸಿನ್ಸ್. ಮೂರು ದಿನದಿಂದ ಅಂದರೆ ಫಾರ್.

ಕ್ಲಾಸಿನಲ್ಲಿ ನಾನು ಆಮೇಲೆ ಬಳಸಿದ ಉಪಾಯ ಹೇಳುತ್ತೇನೆ. ಇಂಗ್ಲಿಷಿಗೆ ಹೋಗುವ ಮುಂಚೆ ಕನ್ನಡದಲ್ಲೇ ಪರೀಕ್ಷೆ ಮಾಡಿ. "ಇಂದ" ತೆಗೆದು ಅಲ್ಲಿ "ಆಯ್ತು" ಹಾಕಿ. ಐದು ವರ್ಷದಿಂದ ಇಲ್ಲಿದ್ದೇನೆ: ಐದು ವರ್ಷ ಆಯ್ತು ಇಲ್ಲಿಗೆ ಬಂದು. ಸರಿಹೋಯಿತು ಅಲ್ವಾ? ಹಾಗಾದರೆ ಫಾರ್. 2019ರಿಂದ ಇಲ್ಲಿದ್ದೇನೆ: "2019 ಆಯ್ತು ಇಲ್ಲಿಗೆ ಬಂದು". ಯಾರೂ ಹೀಗೆ ಹೇಳುವುದಿಲ್ಲ. ಅಲ್ಲಿ "2019ರಲ್ಲಿ ಶುರುವಾಯ್ತು" ಅನ್ನಬಹುದು. ಹಾಗಾದರೆ ಸಿನ್ಸ್.

ಆಯ್ತು ಅಂದರೆ ಫಾರ್. ಶುರು ಅಂದರೆ ಸಿನ್ಸ್. ಹಳ್ಳಿಯ ಮಕ್ಕಳಿಗೆ ಇದು ಬೇಗ ಹತ್ತಿತು, ಯಾಕೆಂದರೆ ಅವರ ಕಿವಿಗೆ ಕನ್ನಡ ಚೆನ್ನಾಗಿ ಗೊತ್ತು.

ಇನ್ನು ನಿಮ್ಮ ಸರ್ವರ್ ವಿಷಯ. ಫ್ರಮ್ ಅಂದರೆ ಹೊರಡುವ ಜಾಗ, ಅಷ್ಟೇ. ಅದು ಈಗಿನ ಹೊತ್ತಿಗೆ ಬಂದು ತಲುಪಲೇಬೇಕೆಂದಿಲ್ಲ. ಅದಕ್ಕೇ ಮುಂದೆ ಆಗುವುದಕ್ಕೂ ಅದು ಹೊಂದುತ್ತದೆ. ಸಿನ್ಸ್ ಹಾಗಲ್ಲ. ಹಿಂದೆ ಶುರುವಾಗಿ ಈ ಕ್ಷಣದ ತನಕ ಎಳೆದುಕೊಂಡು ಬರುವುದಕ್ಕೇ ಅದು ಇರುವುದು. "ದಿ ಸರ್ವರ್ ಹ್ಯಾಸ್ ಬೀನ್ ಡೌನ್ ಸಿನ್ಸ್ ಮಂಡೇ" ಎಂದು ಬರೆದಿದ್ದರೆ ಅವರು ಅವತ್ತೇ ಓಡಿ ಬರುತ್ತಿದ್ದರು.

ಅಡಿಕೆತೋಟ (ಬುಧವಾರ, ರಾತ್ರಿ 10.50)

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. "ಆಯ್ತು" ಪರೀಕ್ಷೆ ಈಗಲೇ ಹತ್ತು ವಾಕ್ಯಕ್ಕೆ ಹಾಕಿ ನೋಡಿದೆ. ಎಲ್ಲ ಸರಿಬಂತು.

ಒಂದು ಅನುಮಾನ. ಹೋದ ವಾರದಿಂದ ಅನ್ನುವುದಕ್ಕೆ ಏನು? ವಾರ ಅಂದರೆ ಏಳು ದಿನ, ಅಳತೆ. ಹಾಗಾದರೆ ಫಾರ್ ಬರಬೇಕಲ್ಲ?

ಹಾಸನದ ಮೇಷ್ಟ್ರು (ಬುಧವಾರ, ರಾತ್ರಿ 11.05)

"ಹೋದ ವಾರ ಆಯ್ತು ಇಲ್ಲಿಗೆ ಬಂದು" ಅನ್ನುತ್ತೀರಾ? ಇಲ್ಲ. "ಹೋದ ವಾರ ಶುರುವಾಯ್ತು" ಅನ್ನುತ್ತೀರಿ. ಸಿನ್ಸ್ ಲಾಸ್ಟ್ ವೀಕ್. ಅದು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸುವ ಜಾಗ.

ಆದರೆ "ಕಳೆದ ಎರಡು ವಾರದಿಂದ" ಅಂದರೆ ಎಣಿಸಿ ಹೇಳುವ ಅಳತೆ. ಎರಡು ವಾರ ಆಯ್ತು. ಫಾರ್ ದಿ ಲಾಸ್ಟ್ ಟೂ ವೀಕ್ಸ್. ಇಲ್ಲಿ ತುಂಬಾ ಜನ ಎಡವುತ್ತಾರೆ. "ಸಿನ್ಸ್ ಲಾಸ್ಟ್ ತ್ರೀ ಇಯರ್ಸ್" ಅಂತ ಎಷ್ಟು ಅರ್ಜಿಗಳಲ್ಲಿ ತಿದ್ದಿದ್ದೇನೋ ಲೆಕ್ಕವಿಲ್ಲ. "ಲಾಸ್ಟ್" ಕಂಡ ತಕ್ಷಣ ಸಿನ್ಸ್ ಹಾಕಬೇಡಿ. ಅದರ ಪಕ್ಕ ಏನಿದೆ ನೋಡಿ.

ಲೀಡ್ಸ್ ನರ್ಸ್ (ಗುರುವಾರ, ಬೆಳಗ್ಗೆ 6.15)

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ಬರೆಯದೆ ಇರಲಾಗಲಿಲ್ಲ.

ನಾನು ಮಂಡ್ಯದವಳು. ನರ್ಸಿಂಗ್ ಓದಿದ್ದು ಬೆಂಗಳೂರಿನಲ್ಲಿ. ಅಲ್ಲಿ ಕೇಸ್ ಶೀಟಿನಲ್ಲಿ ಎಲ್ಲರೂ ಬರೆಯುತ್ತಿದ್ದದ್ದು "ಫೀವರ್ ಸಿನ್ಸ್ ತ್ರೀ ಡೇಸ್" ಅಂತಲೇ. ಡಾಕ್ಟರೂ ಹಾಗೇ, ನಾವೂ ಹಾಗೇ. ಯಾರಿಗೂ ಗೊಂದಲ ಆಗುತ್ತಿರಲಿಲ್ಲ, ಯಾಕೆಂದರೆ ಬರೆಯುವವರ ತಲೆಯಲ್ಲೂ ಓದುವವರ ತಲೆಯಲ್ಲೂ ಒಂದೇ ಕನ್ನಡ ಇತ್ತು.

ಇಂಗ್ಲೆಂಡಿಗೆ ಬಂದ ಮೊದಲ ವರ್ಷ. ಒಬ್ಬ ಅಜ್ಜಿಗೆ ಹೊಟ್ಟೆನೋವು. ಫೋನಿನಲ್ಲಿ ಡಾಕ್ಟರಿಗೆ ಹೇಳಿದೆ, "ಪೇನ್ ಸಿನ್ಸ್ ಟೂ ಡೇಸ್" ಅಂತ. ಅವರು ಕೇಳಿಸಿಕೊಂಡದ್ದು "ಸಿನ್ಸ್ ಟ್ಯೂಸ್‌ಡೇ". ಅವತ್ತು ಸೋಮವಾರ. ಅಂದರೆ ಅವರ ಲೆಕ್ಕದಲ್ಲಿ ನೋವು ಶುರುವಾಗಿ ಆರು ದಿನ. ಆರು ದಿನ ಯಾಕೆ ಯಾರಿಗೂ ಹೇಳಲಿಲ್ಲ ಎಂದು ಅವರು ಕೇಳಿದಾಗ ನನಗೆ ಏನೂ ಅರ್ಥವಾಗಲಿಲ್ಲ. ಸಿಸ್ಟರ್ ಇನ್‌ಚಾರ್ಜ್ ಬಂದು ಬಿಡಿಸಿ ಹೇಳಿದರು. ಅಜ್ಜಿಗೆ ಏನೂ ತೊಂದರೆ ಆಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆ ಹಾಗೆ ಕೇಳಿಸಿತು ಅಂತ ಆಮೇಲೆ ಯೋಚಿಸಿದೆ. ಅವರ ಕಿವಿಗೆ ಸಿನ್ಸ್ ಬಿದ್ದ ಕೂಡಲೇ ಮುಂದೆ ಒಂದು ದಿನವೋ ಗಂಟೆಯೋ ಬರುತ್ತದೆ ಅಂತ ಮನಸ್ಸು ಕಾಯುತ್ತದೆ. "ಟೂ ಡೇಸ್" ಅಲ್ಲಿ ಬರಬಹುದು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಹತ್ತಿರದ ದಿನ ಹುಡುಕಿ ಟ್ಯೂಸ್‌ಡೇ ಮಾಡಿಕೊಂಡರು.

ಈಗ ನಾನು ಎರಡನ್ನೂ ಹೇಳುತ್ತೇನೆ. "ಫಾರ್ ಟೂ ಡೇಸ್, ಸಿನ್ಸ್ ಸ್ಯಾಟರ್‌ಡೇ ಈವ್ನಿಂಗ್." ಒಂದು ಕೇಳಿಸದಿದ್ದರೆ ಇನ್ನೊಂದು ಕೇಳಿಸಲಿ ಅಂತ. ಇಲ್ಲಿಗೆ ಬರಲು ಓಇಟಿ (ಡಾಕ್ಟರು, ನರ್ಸುಗಳಂಥವರಿಗೆ ಇರುವ ಇಂಗ್ಲಿಷ್ ಪರೀಕ್ಷೆ) ಬರೆಯುತ್ತಿರುವ ತಂಗಿಯರಿಗೆ ನಾನು ಮೊದಲು ಹೇಳುವ ಮಾತು ಇದೇ.

ರಾಯಚೂರು ಬಿಸಿಲು (ಗುರುವಾರ, ಬೆಳಗ್ಗೆ 9.30)

ಎಲ್ಲರೂ ಬರೆದದ್ದು ಓದಿದೆ. ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ಭಾರತದಲ್ಲಿ ಕೋಟ್ಯಂತರ ಜನ "ಸಿನ್ಸ್ ಫೈವ್ ಇಯರ್ಸ್" ಅನ್ನುತ್ತಾರೆ. ಹಿಂದಿಯವರೂ "ಪಾಂಚ್ ಸಾಲ್ ಸೇ" ಅಂದು ಅದೇ ರೀತಿ ಇಂಗ್ಲಿಷ್ ಮಾಡುತ್ತಾರೆ. ಇಷ್ಟು ಜನ ಆಡಿದರೆ ಅದು ನಮ್ಮ ಇಂಗ್ಲಿಷ್ ಆಗುವುದಿಲ್ಲವೇ? "ಪ್ರಿಪೋನ್" (ಗೊತ್ತು ಮಾಡಿದ ದಿನವನ್ನು ಹಿಂದಕ್ಕೆ ತಂದು ಬೇಗ ಮುಗಿಸುವುದು) ಪದ ನಮ್ಮದೇ, ಈಗ ಅದು ಡಿಕ್ಷನರಿಯಲ್ಲೂ ಇದೆ. ನಾನು ಬೇಸಿಗೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಬಾಯಿ ತೆರೆದ ಕೂಡಲೇ ತಿದ್ದಿದರೆ ಮಕ್ಕಳು ಮಾತಾಡುವುದನ್ನೇ ಬಿಟ್ಟುಬಿಡುತ್ತಾರೆ. ಅದನ್ನು ಕಣ್ಣಾರೆ ನೋಡಿದ್ದೇನೆ.

ಲೀಡ್ಸ್ ನರ್ಸ್ (ಗುರುವಾರ, ಮಧ್ಯಾಹ್ನ 3.10)

ಅಣ್ಣ, ಮಕ್ಕಳ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅವರ ಬಾಯಿ ಕಟ್ಟಬಾರದು. ಬೆಂಗಳೂರಿನ ವಾರ್ಡಿನಲ್ಲಿ "ಸಿನ್ಸ್ ತ್ರೀ ಡೇಸ್" ನಡೆಯುತ್ತದೆ, ನಡೆಯಲಿ. ಆದರೆ ಎದುರಿಗೆ ಇರುವವರು ಯಾರು ಅನ್ನುವುದನ್ನು ನೋಡಬೇಕಾಗುತ್ತದೆ. ಕನ್ನಡವಾಗಲಿ ಹಿಂದಿಯಾಗಲಿ ಗೊತ್ತಿಲ್ಲದವರಿಗೆ ನಮ್ಮ "ಇಂದ" ಹೇಗೆ ಕೇಳಿಸೀತು?

ಹಾಸನದ ಮೇಷ್ಟ್ರು (ಗುರುವಾರ, ಸಂಜೆ 4.00)

ರಾಯಚೂರಿನವರೇ, ನಿಮ್ಮ ಕಾಳಜಿ ನನಗೆ ಇಷ್ಟವಾಯಿತು. ಪ್ರಿಪೋನ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇದೆ ಅನಿಸುತ್ತದೆ. ಇಂಗ್ಲಿಷಿನಲ್ಲಿ ಅದೇ ಅರ್ಥಕ್ಕೆ ಅಷ್ಟು ಚುಟುಕಾದ ಪದ ಇರಲಿಲ್ಲ, ಪ್ರಿಪೋನ್ ಬಂದು ಅದನ್ನು ತುಂಬಿತು. ಸಿನ್ಸ್ ಮತ್ತು ಫಾರ್ ಒಂದಾದರೆ ಇದ್ದ ಒಂದು ಭೇದ ಹೋಗುತ್ತದೆ.

ತಿದ್ದುವ ರೀತಿಯ ಬಗ್ಗೆ ಹೇಳುವುದಾದರೆ, ಮಗು "ಐ ಆಮ್ ವೇಟಿಂಗ್ ಸಿನ್ಸ್ ಟೆನ್ ಮಿನಿಟ್ಸ್" ಅಂದರೆ ನಾನು ತಪ್ಪು ಅನ್ನುತ್ತಿರಲಿಲ್ಲ. "ಓಹೋ, ಯೂ ಹ್ಯಾವ್ ಬೀನ್ ವೇಟಿಂಗ್ ಫಾರ್ ಟೆನ್ ಮಿನಿಟ್ಸ್? ಬಾ ಕೂತ್ಕೋ" ಅನ್ನುತ್ತಿದ್ದೆ. ನಾಲ್ಕು ದಿನ ಕಿವಿಗೆ ಬಿದ್ದರೆ ಐದನೇ ದಿನ ಅವರೇ ಹಾಗೆ ಹೇಳುತ್ತಾರೆ.

ಕೆಜಿಎಫ್ ಹುಡುಗಿ (ಗುರುವಾರ, ಸಂಜೆ 7.20)

ಇದನ್ನು ಓದುತ್ತಾ ನನಗೊಂದು ವಿಷಯ ಹೊಳೆಯಿತು. ನಮ್ಮ ಮನೆಯಲ್ಲಿ ತಮಿಳು, ಸ್ಕೂಲಿನಲ್ಲಿ ಕನ್ನಡ. ತಮಿಳಿನಲ್ಲಿ ಈ ಎರಡು ಬೇರೆ ಬೇರೆ! ಮೂರು ದಿನದಿಂದ ಜ್ವರ ಅನ್ನುವುದಕ್ಕೆ ನಾವು "ಮೂಣು ನಾಳಾ ಕಾಯ್ಚಲ್" ಅನ್ನುತ್ತೇವೆ. 2019ರಿಂದ ಅನ್ನುವುದಕ್ಕೆ "2019ಲಿರುಂದು". ಅಳತೆಗೆ "ಆ", ಶುರುವಿಗೆ "ಇರುಂದು". ಮಲಯಾಳಿ ಗೆಳತಿಯನ್ನು ಕೇಳಿದೆ. ಅವರಲ್ಲೂ "ಮೂನ್ನು ದಿವಸಮಾಯಿ ಪನಿ" ಅಂತೆ, "ಆಯಿ" ಬರುತ್ತದೆ.

ಆ "ಆಯಿ" ಕೇಳಿದರೆ ಮೇಷ್ಟ್ರ "ಆಯ್ತು" ನೆನಪಾಗುವುದಿಲ್ವಾ? "ಆಗು" ಅನ್ನುವ ಕಡೆಯಿಂದಲೇ ಬಂದದ್ದು. ಅಂದರೆ ಮೇಷ್ಟ್ರು ಕ್ಲಾಸಿಗೆ ಅಂತ ಮಾಡಿಕೊಂಡ ಉಪಾಯ ನಮ್ಮ ಅಕ್ಕಪಕ್ಕದ ಭಾಷೆಗಳ ವ್ಯಾಕರಣದಲ್ಲೇ ಇದೆ.

ಹಾಸನದ ಮೇಷ್ಟ್ರು (ಗುರುವಾರ, ಸಂಜೆ 7.45)

ತಾಯಿ, ಇಷ್ಟು ವರ್ಷ ಪಾಠ ಮಾಡಿದೆ, ಇದು ನನಗೆ ಹೊಳೆದಿರಲಿಲ್ಲ. ಬರೆದಿಟ್ಟುಕೊಂಡೆ.

ಮ್ಯೂನಿಕ್ ಕನ್ನಡಿಗ (ಗುರುವಾರ, ರಾತ್ರಿ 11.55)

ಜರ್ಮನಿಯಿಂದ ಒಂದು ಮಾತು. ಜರ್ಮನ್ ಭಾಷೆ ಈ ವಿಷಯದಲ್ಲಿ ಕನ್ನಡದ ಹಾಗೇ ಇದೆ. "ಜೈಟ್" ಅನ್ನುವ ಒಂದೇ ಪದ. 2019ರಿಂದ ಅಂದರೂ ಜೈಟ್, ಐದು ವರ್ಷದಿಂದ ಅಂದರೂ ಜೈಟ್. ಜೊತೆಗೆ ಕ್ರಿಯಾಪದ ವರ್ತಮಾನ ಕಾಲದಲ್ಲೇ ಇರುತ್ತದೆ. "ಇಷ್ ವೋನೆ ಜೈಟ್ ಫ್ಯುನ್ಫ್ ಯಾರೆನ್ ಹೀರ್": ನಾನು ಐದು ವರ್ಷದಿಂದ ಇಲ್ಲಿ ವಾಸವಾಗಿದ್ದೇನೆ. ಪದಕ್ಕೆ ಪದ ಕನ್ನಡ! ಜರ್ಮನ್ ಕ್ಲಾಸಿನಲ್ಲಿ ಈ ಪಾಠ ಬಂದಾಗ ನನಗೆ ಮನೆಗೆ ಬಂದಷ್ಟು ಖುಷಿ ಆಗಿತ್ತು. ಫ್ರೆಂಚಿನ "ದೆಪ್ವಿ" ಕೂಡ ಹೀಗೇ.

ಅದಕ್ಕೇ ಇಲ್ಲಿನ ನನ್ನ ಸಹೋದ್ಯೋಗಿಗಳೂ ಇಂಗ್ಲಿಷ್ ಮಾತಾಡುವಾಗ "ಐ ವರ್ಕ್ ಹಿಯರ್ ಸಿನ್ಸ್ ಫೈವ್ ಇಯರ್ಸ್" ಅನ್ನುತ್ತಾರೆ. ಇದು ನಮ್ಮೊಬ್ಬರ ತಪ್ಪು ಅಂತ ಯಾರೂ ಕುಗ್ಗಬೇಕಾಗಿಲ್ಲ.

ಟೊರಾಂಟೊ ಚಳಿ (ಶುಕ್ರವಾರ, ಬೆಳಗ್ಗೆ 7.30)

ಮ್ಯೂನಿಕ್‌ನವರು ಕ್ರಿಯಾಪದದ ಮಾತು ತೆಗೆದದ್ದು ಒಳ್ಳೆಯದಾಯಿತು. ಎಲ್ಲರೂ ಸಿನ್ಸ್ ತೆಗೆದು ಫಾರ್ ಹಾಕುವುದರ ಬಗ್ಗೆಯೇ ಹೇಳುತ್ತಿದ್ದೀರಿ. ಅಷ್ಟು ಮಾತ್ರ ಬದಲಿಸಿದರೆ ಇನ್ನೊಂದು ಹಳ್ಳಕ್ಕೆ ಬೀಳುತ್ತೇವೆ. ನಾನು ಬಿದ್ದಿದ್ದೇನೆ.

ಕೆನಡಾಕ್ಕೆ ಬಂದು ಎರಡು ವರ್ಷ ಆಗಿತ್ತು. ಪಕ್ಕದ ಮನೆಯ ಅಜ್ಜ ಮಾತಿಗೆ ಸಿಕ್ಕರು. ಸಿನ್ಸ್ ತಪ್ಪು ಅಂತ ಯಾರೋ ಹೇಳಿದ್ದು ನೆನಪಿತ್ತು. ಹುಷಾರಾಗಿ "ಐ ಆಮ್ ಹಿಯರ್ ಫಾರ್ ಟೂ ಇಯರ್ಸ್" ಅಂದೆ. ಅವರು, "ಅಯ್ಯೋ, ಎರಡೇ ವರ್ಷಕ್ಕಾ? ಆಮೇಲೆ ವಾಪಸ್ ಹೋಗ್ತೀರಾ?" ಅಂತ ಕೇಳಿದರು. ನಾನು ಹೇಳಿದ ವಾಕ್ಯಕ್ಕೆ ಸಹಜವಾದ ಅರ್ಥ ಅದೇ. ಎರಡು ವರ್ಷ ಇರುವುದಕ್ಕೆ ಅಂತ ಬಂದಿದ್ದೇನೆ, ಒಟ್ಟು ಎರಡು ವರ್ಷ.

ಕಳೆದ ಎರಡು ವರ್ಷದ ಮಾತು ಹೇಳಬೇಕಿದ್ದರೆ "ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್" ಅನ್ನಬೇಕು. ಆ "ಹ್ಯಾವ್ ಬೀನ್" ಹಿಂದಕ್ಕೆ ನೋಡುತ್ತದೆ. "ಆಮ್" ಇದ್ದರೆ ಫಾರ್ ಮುಂದಕ್ಕೆ ನೋಡುತ್ತದೆ.

ಕನ್ನಡದಲ್ಲಿ ನಮಗೆ ಈ ತೊಂದರೆ ಇಲ್ಲ. "ಎರಡು ವರ್ಷದಿಂದ ಇದ್ದೇನೆ", "ಎರಡು ವರ್ಷಕ್ಕೆ ಬಂದಿದ್ದೇನೆ". "ಇಂದ" ಮತ್ತು "ಕ್ಕೆ" ಕೆಲಸ ಮುಗಿಸಿಬಿಡುತ್ತವೆ. ಇಂಗ್ಲಿಷಿನಲ್ಲಿ ಆ ಕೆಲಸ ಕ್ರಿಯಾಪದದ ಮೇಲೆ ಬಿದ್ದಿದೆ. ಇಮಿಗ್ರೇಷನ್ ಕೌಂಟರಿನಲ್ಲಿ ನಿಂತಾಗ ಇದು ಸಣ್ಣ ವಿಷಯ ಅಲ್ಲ. ಎಷ್ಟು ದಿನ ಇರ್ತೀರಿ ಅನ್ನುವುದಕ್ಕೂ ಎಷ್ಟು ದಿನದಿಂದ ಇದ್ದೀರಿ ಅನ್ನುವುದಕ್ಕೂ ಉತ್ತರ ಅದಲುಬದಲಾದರೆ ಕಷ್ಟ.

ಅಡಿಕೆತೋಟ (ಶುಕ್ರವಾರ, ಬೆಳಗ್ಗೆ 8.45)

ಅಬ್ಬಾ, ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ "ಎಷ್ಟು ದಿನದಿಂದ" ಅಂತ ಕೇಳುವುದು ಹೇಗೆ? ನಾವು ಆಫೀಸಿನಲ್ಲಿ "ಫ್ರಮ್ ಹೌ ಮೆನಿ ಡೇಸ್" ಅನ್ನುತ್ತೇವೆ.

ಟೊರಾಂಟೊ ಚಳಿ (ಶುಕ್ರವಾರ, ಬೆಳಗ್ಗೆ 9.05)

"ಹೌ ಲಾಂಗ್" ಸಾಕು. "ಹೌ ಲಾಂಗ್ ಹ್ಯಾವ್ ಯೂ ಬೀನ್ ವೇಟಿಂಗ್?" ಅಂದರೆ ಎಷ್ಟು ಹೊತ್ತಿನಿಂದ ಕಾಯ್ತಿದ್ದೀರಿ. "ಸಿನ್ಸ್ ವೆನ್" ಅಂತಲೂ ಇದೆ, ಆದರೆ ಅದರ ದನಿ ಬೇರೆ. ಅದರಲ್ಲಿ ಎಷ್ಟೋ ಸಲ ಆಶ್ಚರ್ಯವೋ ಸಿಟ್ಟೋ ಸೇರಿರುತ್ತದೆ. ಅಮ್ಮ "ಯಾವತ್ತಿಂದಪ್ಪ ಇದೆಲ್ಲ?" ಅನ್ನುತ್ತಾರಲ್ಲ, ಆ ದನಿ. ಮ್ಯಾನೇಜರನ್ನು ಹಾಗೆ ಕೇಳಬೇಡಿ.

ಗದಗಿನ ಗೃಹಿಣಿ (ಶುಕ್ರವಾರ, ಮಧ್ಯಾಹ್ನ 12.30)

ಮೇಷ್ಟ್ರೇ, ನಮಸ್ಕಾರರೀ. ನಾನು ಮನೆಯಲ್ಲೇ ಕುಳಿತು ಇಂಗ್ಲಿಷ್ ಕಲಿಯುತ್ತಿದ್ದೇನೆ. ಮಗಳು ಪಿಯುಸಿ, ಅವಳ ಪುಸ್ತಕ ಓದುತ್ತೇನೆ. ನಿಮ್ಮ "ಆಯ್ತು" ಪರೀಕ್ಷೆ ಒಂದು ಕಡೆ ಕೈಕೊಟ್ಟಿತು. ನೋಡಿ ಹೇಳಿ.

"ತವರಿಗೆ ಹೋಗಿ ಮೂರು ವರ್ಷ ಆಯ್ತು." ಇಲ್ಲಿ ಆಯ್ತು ಇದೆ. ನಿಮ್ಮ ಪ್ರಕಾರ ಫಾರ್ ಬರಬೇಕು. ಆದರೆ ಮಗಳ ಪುಸ್ತಕದಲ್ಲಿ ಇಂಥದ್ದೇ ವಾಕ್ಯಕ್ಕೆ ಸಿನ್ಸ್ ಇದೆ.

ಹಾಸನದ ಮೇಷ್ಟ್ರು (ಶುಕ್ರವಾರ, ಮಧ್ಯಾಹ್ನ 2.15)

ತಂಗಿ, ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೀರಿ. ನನ್ನ ಪರೀಕ್ಷೆಗೆ ಒಂದು ತಿದ್ದುಪಡಿ ಬೇಕು.

ನಿಮ್ಮ ವಾಕ್ಯದಲ್ಲಿ ಎರಡು ತುಂಡು ಇವೆ. "ತವರಿಗೆ ಹೋಗಿ" ಒಂದು, "ಮೂರು ವರ್ಷ ಆಯ್ತು" ಇನ್ನೊಂದು. ಹೋದದ್ದು ಒಂದು ಘಟನೆ. ಯಾವುದೋ ಒಂದು ದಿನ ನಡೆದದ್ದು. ಅದು ಶುರು. ಮೂರು ವರ್ಷ ಅಳತೆ. ಇಂಗ್ಲಿಷಿನಲ್ಲಿ ಎರಡನ್ನೂ ಹೇಳುವಾಗ "ಇಟ್ ಈಸ್ ತ್ರೀ ಇಯರ್ಸ್ ಸಿನ್ಸ್ ಐ ವೆಂಟ್ ಟು ಮೈ ಮದರ್ಸ್ ಪ್ಲೇಸ್" ಆಗುತ್ತದೆ. ಸಿನ್ಸ್ ಅಂಟಿಕೊಂಡಿರುವುದು ಮೂರು ವರ್ಷಕ್ಕಲ್ಲ, ಹೋದ ಘಟನೆಗೆ. ಅಮೆರಿಕದವರು "ಇಟ್ಸ್ ಬೀನ್ ತ್ರೀ ಇಯರ್ಸ್ ಸಿನ್ಸ್" ಅನ್ನುವುದೇ ಜಾಸ್ತಿ. ಅದೂ ಸರಿ.

ಇದನ್ನೇ "ಮೂರು ವರ್ಷದಿಂದ ತವರಿಗೆ ಹೋಗಿಲ್ಲ" ಅಂತ ತಿರುಗಿಸಿ ಹೇಳಿದರೆ ಘಟನೆಯ ತುಂಡು ಇಲ್ಲ. ಬರೀ ಅಳತೆ. ಆಗ "ಐ ಹ್ಯಾವ್‌ನ್ಟ್ ಬೀನ್ ಟು ಮೈ ಮದರ್ಸ್ ಪ್ಲೇಸ್ ಫಾರ್ ತ್ರೀ ಇಯರ್ಸ್". ಇಂಥ ಇಲ್ಲ ಅನ್ನುವ ವಾಕ್ಯದಲ್ಲಿ ಅಮೆರಿಕದವರು ಫಾರ್ ಬದಲು "ಇನ್" ಅನ್ನುವುದೂ ಉಂಟು.

ಇನ್ನು ಮೇಲೆ ಪರೀಕ್ಷೆ ಹೀಗಿರಲಿ: ಸಿನ್ಸ್ ಅಥವಾ ಫಾರ್ ಪಕ್ಕದಲ್ಲಿ, ಅದನ್ನು ಮುಟ್ಟಿಕೊಂಡು ಯಾವ ಮಾತು ಬರುತ್ತದೋ ಅದನ್ನು ಮಾತ್ರ ನೋಡಿ. ಅದು ಘಟನೆಯಾ, ಅಳತೆಯಾ?

ಗದಗಿನ ಗೃಹಿಣಿ (ಶುಕ್ರವಾರ, ಮಧ್ಯಾಹ್ನ 2.40)

ತಿಳಿಯಿತು ಸರ್. ಹಾಗಾದರೆ "ಮದುವೆ ಆದಾಗಿನಿಂದ ಗದಗಿನಲ್ಲಿದ್ದೇನೆ": "ಐ ಹ್ಯಾವ್ ಬೀನ್ ಇನ್ ಗದಗ್ ಸಿನ್ಸ್ ಐ ಗಾಟ್ ಮ್ಯಾರೀಡ್". "ಹದಿನೆಂಟು ವರ್ಷದಿಂದ ಗದಗಿನಲ್ಲಿದ್ದೇನೆ": "ಐ ಹ್ಯಾವ್ ಬೀನ್ ಇನ್ ಗದಗ್ ಫಾರ್ ಏಟೀನ್ ಇಯರ್ಸ್". ಸರಿ ಅಲ್ವಾ?

ಹಾಸನದ ಮೇಷ್ಟ್ರು (ಶುಕ್ರವಾರ, ಮಧ್ಯಾಹ್ನ 2.45)

ಎರಡೂ ಸರಿ. ಒಂದು ಅಕ್ಷರವೂ ತಿದ್ದುವುದಕ್ಕಿಲ್ಲ.

ಹಳೇ ಶಾನುಭೋಗರ ಮೊಮ್ಮಗ (ಶುಕ್ರವಾರ, ಸಂಜೆ 6.10)

ನಮ್ಮ ಅಜ್ಜ ಒಂದು ಪದ ಹೇಳುತ್ತಿದ್ದರು: "ಲಾಗಾಯ್ತು". "ಹುಟ್ಟಿದ ಲಾಗಾಯ್ತು ಈ ಕೆರೆ ನೋಡ್ತಿದ್ದೀನಿ." "ಅಣೆಕಟ್ಟು ಕಟ್ಟಿದ ಲಾಗಾಯ್ತು ಊರಿಗೆ ನೀರು ಬಂತು." ಯೋಚಿಸಿ ನೋಡಿದರೆ ಅದು ಅಚ್ಚುಕಟ್ಟಾಗಿ ಸಿನ್ಸ್ ಪದವೇ. ಅಜ್ಜನ ಬಾಯಲ್ಲಿ ಅದು ಯಾವಾಗಲೂ ಒಂದು ಘಟನೆಗೋ ವರ್ಷಕ್ಕೋ ಅಂಟುತ್ತಿತ್ತು. "ಮೂರು ದಿನ ಲಾಗಾಯ್ತು ಜ್ವರ" ಅಂತ ಅವರು ಒಮ್ಮೆಯೂ ಅಂದದ್ದಿಲ್ಲ. ಮರಾಠಿಯಲ್ಲೂ "ಲಗಾಯತ್" ಅಂತ ಇದೆ. ಕಂದಾಯದ ಕಾಗದಗಳ ಜೊತೆ ನಮ್ಮಲ್ಲಿ ಓಡಾಡಿದ ಪದ. ಈಗ ಹುಡುಗರ ಬಾಯಲ್ಲಿ ಕಡಿಮೆಯಾಗಿದೆ. ನನಗೆ ಅದು ತುಂಬಾ ಬೇಜಾರು.

ಯಾರಿಗೆ ಮನೆಯಲ್ಲಿ ಹಿರಿಯರಿದ್ದಾರೋ ಅವರು ಈ ಪರೀಕ್ಷೆ ಮಾಡಬಹುದು. ಲಾಗಾಯ್ತು ಕೂತರೆ ಸಿನ್ಸ್.

ಕೆಜಿಎಫ್ ಹುಡುಗಿ (ಶುಕ್ರವಾರ, ಸಂಜೆ 6.50)

ಈ ಪದ ನಾನು ಮೊದಲ ಸಲ ಕೇಳಿದ್ದು! ಇವತ್ತಿನಿಂದ ಬಳಸುತ್ತೇನೆ.

ಮ್ಯೂನಿಕ್ ಕನ್ನಡಿಗ (ಶುಕ್ರವಾರ, ರಾತ್ರಿ 10.30)

ಪದದ ಹುಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಸಿನ್ಸ್ ಕೂಡ ಹಳೆಯ ಪದ. ಹಳೆಯ ಇಂಗ್ಲಿಷಿನಲ್ಲಿ ಅದು "ಸಿತ್ತನ್" ಅಂತ ಇತ್ತು, ಅರ್ಥ "ಅದಾದ ಮೇಲೆ". ಸವೆದು "ಸಿತೆನ್" ಆಯಿತು, ಕೊನೆಗೆ "ಸ್" ಸೇರಿ ಸಿನ್ಸ್ ಆಯಿತು. ಒನ್ಸ್, ಟ್ವೈಸ್ ಪದಗಳ ಕೊನೆಯಲ್ಲಿ ಇರುವುದೂ ಅದೇ "ಸ್". 1611ರ ಇಂಗ್ಲಿಷ್ ಬೈಬಲಿನಲ್ಲಿ "ಸಿತ್" ಅನ್ನುವ ಚುಟುಕು ರೂಪವೂ ಇದೆ, ಅಲ್ಲಿ ಅದಕ್ಕೆ "ಯಾಕೆಂದರೆ" ಅನ್ನುವ ಅರ್ಥ.

"ಅದಾದ ಮೇಲೆ" ಅನ್ನುವುದು ಮೂಲ ಅರ್ಥ ಅಂತ ಗೊತ್ತಾದ ಮೇಲೆ ನನಗೆ ಎಲ್ಲ ಸಲೀಸಾಯಿತು. 2019ರ ಮೇಲೆ, ಮದುವೆ ಆದ ಮೇಲೆ. "ಮೂರು ದಿನ ಆದ ಮೇಲೆ ಜ್ವರ" ಅಂದರೆ ಬೇರೆಯೇ ಅರ್ಥ ಬಂದುಬಿಡುತ್ತದೆ, ನೋಡಿ.

ಇನ್ನೊಂದು ಸೊಗಸು. ಕಾಲಕ್ಕೆ ಬಳಸುವ ಪದವೇ ಕಾರಣಕ್ಕೂ ಬರುವುದು. "ಸಿನ್ಸ್ ಇಟ್ ವಾಸ್ ರೇನಿಂಗ್, ವೀ ಸ್ಟೇಡ್ ಹೋಮ್": ಮಳೆ ಬರುತ್ತಿದ್ದುದರಿಂದ ಮನೆಯಲ್ಲೇ ಇದ್ದೆವು. ಕನ್ನಡದ "ಇಂದ" ಕೂಡ ಹಾಗೇ ಕಾಲಕ್ಕೂ ಕಾರಣಕ್ಕೂ ಬರುತ್ತದೆ. ಒಂದಾದ ಮೇಲೆ ಇನ್ನೊಂದು ಆದರೆ ಮನುಷ್ಯನ ಮನಸ್ಸು ಎರಡಕ್ಕೂ ಗಂಟು ಹಾಕುತ್ತದೆ, ಭಾಷೆ ಯಾವುದಾದರೇನು.

ಪೀಣ್ಯ ಎಚ್ಆರ್ (ಶನಿವಾರ, ಬೆಳಗ್ಗೆ 10.00)

ಅದೇ ಕಾರಣದ ಅರ್ಥದಿಂದ ಗೊಂದಲವೂ ಆಗುತ್ತದೆ. "ಸಿನ್ಸ್ ಹೀ ಲೆಫ್ಟ್, ದಿ ವರ್ಕ್ ಹ್ಯಾಸ್ ಸ್ಲೋಡ್ ಡೌನ್" ಅಂದರೆ ಅವನು ಬಿಟ್ಟ ಮೇಲೆ ಅಂತಲೋ, ಬಿಟ್ಟಿದ್ದರಿಂದ ಅಂತಲೋ? ಆಫೀಸಿನ ಪತ್ರದಲ್ಲಿ ಕಾರಣ ಹೇಳಬೇಕಿದ್ದರೆ ನಾನು "ಬಿಕಾಸ್" ಬರೆಯುತ್ತೇನೆ.

ಕೆಲಸ ಹುಡುಕುತ್ತಿರುವ ಹುಡುಗರಿಗೆ ಒಂದು ಮಾತು. ದಿನಾ ಬಯೋಡೇಟಾ ನೋಡುತ್ತೇನೆ. "ವರ್ಕ್ಡ್ ಸಿನ್ಸ್ 2014 ಟು 2019" ಅಂತ ಬರೆದಿರುತ್ತಾರೆ. ಶುರು ಮತ್ತು ಕೊನೆ ಎರಡೂ ಇದ್ದರೆ ಫ್ರಮ್ ಹಾಕಿ: "ಫ್ರಮ್ 2014 ಟು 2019". ಸಿನ್ಸ್ ಹಾಕಿದರೆ ಈಗಲೂ ಅಲ್ಲೇ ಇದ್ದೀರಿ ಅಂತ ಅರ್ಥ. ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟಿನಲ್ಲಿ "ಹ್ಯಾಸ್ ಬೀನ್ ವರ್ಕಿಂಗ್ ಸಿನ್ಸ್" ಇದ್ದರೆ ಇನ್ನೂ ಬಿಟ್ಟಿಲ್ಲ ಅಂತ ಓದಿಕೊಳ್ಳುತ್ತಾರೆ. ಬಿಟ್ಟ ಮೇಲೆ ಕೊಡುವ ಪತ್ರದಲ್ಲಿ ಹಾಗಿದ್ದರೆ ಹಾಗೇ ತೆಗೆದುಕೊಂಡು ಬರಬೇಡಿ. ಅಲ್ಲೇ ತಿದ್ದಿಸಿಕೊಳ್ಳಿ.

ರಜೆಯ ವಿಷಯದಲ್ಲೂ ಹಾಗೇ. ಮುಂದಿನ ಸೋಮವಾರದಿಂದ ರಜೆ ಬೇಕಿದ್ದರೆ ಫ್ರಮ್. ಹೋದ ಸೋಮವಾರದಿಂದ ರಜೆಯಲ್ಲಿ ಇದ್ದೀರಿ ಅಂದರೆ ಸಿನ್ಸ್.

ರಾಯಚೂರು ಬಿಸಿಲು (ಶನಿವಾರ, ಮಧ್ಯಾಹ್ನ 1.20)

ಎಲ್ಲರ ಮಾತು ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ನರ್ಸ್ ಅಕ್ಕ ಹೇಳಿದ ಟ್ಯೂಸ್‌ಡೇ ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ಇವತ್ತು ಟ್ಯೂಷನ್ನಿನಲ್ಲಿ ಯಾರನ್ನೂ ತಿದ್ದಲಿಲ್ಲ. ಬದಲಿಗೆ ಮಕ್ಕಳನ್ನು ಎರಡು ಸಾಲು ಮಾಡಿದೆ. ಒಂದು ಸಾಲು ಶುರು, ಒಂದು ಸಾಲು ಆಯ್ತು. ನಾನು ಕನ್ನಡದಲ್ಲಿ ಒಂದು ಹೊತ್ತು ಹೇಳುವುದು, ಯಾವ ಸಾಲಿನದೋ ಅವರು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳುವುದು. "ದೀಪಾವಳಿಯಿಂದ" ಅಂದಾಗ ಶುರು ಸಾಲು ಎದ್ದಿತು. "ನಾಲ್ಕು ತಿಂಗಳಿಂದ" ಅಂದಾಗ ಆಯ್ತು ಸಾಲು. "ಬಹಳ ದಿನದಿಂದ" ಅಂದಾಗ ಎರಡೂ ಸಾಲು ಎದ್ದವು.

ಅದು ಯಾವ ಕಡೆ? ನಾವು "ಸಿನ್ಸ್ ಲಾಂಗ್" ಅನ್ನುತ್ತೇವೆ.

ಹಾಸನದ ಮೇಷ್ಟ್ರು (ಶನಿವಾರ, ಮಧ್ಯಾಹ್ನ 3.00)

ಎರಡು ಸಾಲಿನ ಆಟ ತುಂಬಾ ಚೆನ್ನಾಗಿದೆ. ನನಗೆ ಇದು ಮೊದಲೇ ಹೊಳೆದಿದ್ದರೆ ಎಷ್ಟು ಮಕ್ಕಳಿಗೆ ಅನುಕೂಲ ಆಗುತ್ತಿತ್ತು.

"ಬಹಳ ದಿನ ಆಯ್ತು." ಆಯ್ತು ಸಾಲೇ. ಎಣಿಸಿಲ್ಲ, ಆದರೂ ಅಳತೆಯೇ. "ಫಾರ್ ಎ ಲಾಂಗ್ ಟೈಮ್". "ಸಿನ್ಸ್ ಲಾಂಗ್" ನಮ್ಮಲ್ಲಿ ಮಾತ್ರ ನಡೆಯುತ್ತದೆ. "ಬೆಳಗ್ಗೆಯಿಂದ" ಕೇಳಿದರೆ ಶುರು ಸಾಲು. ನಾವು "ಸಿನ್ಸ್ ಮಾರ್ನಿಂಗ್" ಅನ್ನುತ್ತೇವೆ, ಇಂಗ್ಲೆಂಡಿನವರು ಅದಕ್ಕೆ "ಸಿನ್ಸ್ ದಿಸ್ ಮಾರ್ನಿಂಗ್" ಅನ್ನುತ್ತಾರೆ. ಅರ್ಥ ಕೆಡುವುದಿಲ್ಲ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. "ಚಿಕ್ಕಂದಿನಿಂದ" ಕೂಡ ಶುರು: "ಸಿನ್ಸ್ ಚೈಲ್ಡ್‌ಹುಡ್".

ಅಡಿಕೆತೋಟ (ಶನಿವಾರ, ರಾತ್ರಿ 8.30)

ಎಲ್ಲರಿಗೂ ಹೃದಯದಿಂದ ಥ್ಯಾಂಕ್ಸ್. ಇವತ್ತು ಮತ್ತೆ ಅದೇ ಸರ್ವರ್ ನಿಂತಿತು. ಮೇಲ್ ಬರೆದೆ, ಕಳಿಸುವ ಮುಂಚೆ ನರ್ಸ್ ಅಕ್ಕನ ಹಾಗೆ ಎರಡನ್ನೂ ಹಾಕಿದೆ: "ದಿ ಟೆಸ್ಟ್ ಸರ್ವರ್ ಹ್ಯಾಸ್ ಬೀನ್ ಡೌನ್ ಫಾರ್ ಸಿಕ್ಸ್ ಅವರ್ಸ್, ಸಿನ್ಸ್ 2 ಪಿಎಂ ಅವರ್ ಟೈಮ್." ಹತ್ತು ನಿಮಿಷದಲ್ಲಿ ಉತ್ತರ ಬಂತು, ನೋಡ್ತಾ ಇದ್ದೇವೆ ಅಂತ.